ಎತ್ತಿನ ಗಂಟು

ಗಂಟು ಹಾಕುವುದರಲ್ಲಿ ನನ್ನಷ್ಟು ದಡ್ಡ ಕೊಯಮತ್ತೂರಿನಲ್ಲಿ ಇನ್ನೊಬ್ಬನಿರಲಾರ. ನಾನು ಕಟ್ಟಿದ ಹಾಸಿಗೆ ಸುರುಳಿ ರೈಲು ಬರುವ ಮೊದಲೇ ಪ್ಲಾಟ್‌ಫಾರಮ್ಮಿನ ಮೇಲೆ ತಾನಾಗಿ ಹಾಸಿಕೊಳ್ಳುತ್ತದೆ. ಬೇಗ ಬಿಚ್ಚಬೇಕಾದ ಗಂಟಾದರೆ ಮಾತ್ರ ಹಲ್ಲಿಗೂ ಬಗ್ಗದ ಕಗ್ಗಂಟು! ಯಾವುದು ನಿಲ್ಲಬೇಕು, ಯಾವುದು ಬಿಡಬೇಕು ಎಂದು ಮೊದಲೇ ತಿಳಿದಿರುವುದೇ ಈ ವಿದ್ಯೆಯ ಮುಕ್ಕಾಲು ಪಾಲು ಎಂದು ಕಾಣುತ್ತದೆ.

ಕಾಂಗೇಯದ ನನ್ನ ಮಾವನವರಿಗೆ ಅದು ಕೈಗೇ ಗೊತ್ತಿತ್ತು. ದನ ಸಾಕುವ ಮನೆ. ಎತ್ತಿನ ಹಗ್ಗಕ್ಕೆ ಅವರು ಹಾಕುತ್ತಿದ್ದುದು ಜೀರುಗುಣಿಕೆ. ಎತ್ತು ಜಗ್ಗಿದಷ್ಟೂ ಬಿಗಿಯುತ್ತದೆ. ಜೋತುಬಿದ್ದ ತುದಿಯನ್ನು ಎಳೆದರೆ ಸರಕ್ಕನೆ ಬಿಚ್ಚುತ್ತದೆ. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಗಂಟಿನೊಡನೆ ಗುದ್ದಾಡುತ್ತ ಕೂರುವುದಕ್ಕಾಗುತ್ತದೆಯೇ?

ನನ್ನ ಮದುವೆಯಾದ ವರ್ಷದ ಕಾರ್ತಿಕ ದೀಪ. ಅವರ ಊರಿನ ಬಂಡೆಗುಡ್ಡದಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ, ಕಡಿದಾದ ಕಡೆ ಒಂದು ಗೂಡಿದೆ. ಹೊಸ ಅಳಿಯ ಹಗ್ಗದಲ್ಲಿ ಇಳಿದು ಅಲ್ಲಿ ದೀಪ ಹಚ್ಚಬೇಕೆಂಬುದು ಮನೆತನದ ಪದ್ಧತಿ. ಹೆಣ್ಣು ಕೊಡುವಾಗ ಇದನ್ನು ಯಾರೂ ಹೇಳಿರಲಿಲ್ಲ. ಬಾವಿಗೆ ಕರೆಂಟಿನ ಮೋಟಾರು ಬಂದು ಕೆಲಸ ಕಳೆದುಕೊಂಡಿದ್ದ ಕಪಿಲೆಯ ಹಗ್ಗವನ್ನು ಮಾವ ತಾವೇ ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನೆತ್ತಿಯ ಬೇವಿನ ಮರಕ್ಕೆ ಕಟ್ಟಿದರು. ಭಾವಮೈದುನರು ಮೆಲ್ಲಗೆ ಇಳಿಸಿ, ಭಾರವನ್ನು ಮರಕ್ಕೆ ಒಪ್ಪಿಸಿ ಕೈಬಿಟ್ಟರು.

ದೀಪ ಹತ್ತಿತು. ನಾನು ನೇತಾಡುತ್ತಲೇ ಬೀಗುತ್ತಿದ್ದೆ. ಆಗ ಮೇಲಿಂದ ಅತ್ತೆಯ ಕೂಗು: “ಅಯ್ಯಯ್ಯೋ, ಇದೇನ್ರೀ! ಮಾಪ್ಳೆಗೆ ಎತ್ತಿನ ಗಂಟು ಹಾಕಿದ್ದೀರಲ್ಲ! ಅಲ್ನೋಡಿ, ಯಾರದೋ ಆಡು ಬಂದು ಜೋತುಬಿದ್ದ ತುದಿ ಕಚ್ತಾ ಇದೆ!”

ಮಾಪ್ಳೆ ಎಂದರೆ ಅಳಿಯ, ಅಂದರೆ ನಾನು. ಸೊಂಟದ ಗಂಟು ಸರಿಯಾಗಿಯೇ ಇತ್ತು. ಮರದ ಹತ್ತಿರ ಹೋದಾಗ ಮಾತ್ರ ಮಾವನ ಕೈ ದಿನಾ ಮಾಡುವುದನ್ನೇ ಮಾಡಿಬಿಟ್ಟಿತ್ತು. ನಾನು ಬಂಡೆಗೆ ಹಲ್ಲಿಯಂತೆ ಅಂಟಿಕೊಂಡೆ. ಕೆಳಗೆ ನೋಡಬಾರದು ಅಂದುಕೊಂಡೇ ನೋಡಿದೆ. ಬಹಳ ಹೆದರಿದೆ. ಮಾವನಿಗೆ ಹೇಳಬೇಕಾದ ಬಿರುಸು ಮಾತುಗಳನ್ನೆಲ್ಲ ಅಲ್ಲೇ ಜೋಡಿಸಿಟ್ಟುಕೊಂಡೆ.

ಮೈದುನರು ನನ್ನನ್ನು ಮೇಲಕ್ಕೆಳೆದುಕೊಂಡಾಗ ಆಡು ದೂರದಲ್ಲಿ ಸೊಪ್ಪು ಮೇಯುತ್ತಿತ್ತು. ಮಾವ ಮರದ ಬುಡದಲ್ಲಿ ಕುಕ್ಕರಿಸಿ, ಆ ಗಂಟನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ನನ್ನ ಬಿರುಸು ಮಾತುಗಳು ಎಲ್ಲಿ ಹೋದವೋ.

“ಬಿಡಿ ಮಾವ, ನಾನು ಬಂದಾಯ್ತು,” ಎಂದು ಅವರ ಭುಜ ಮುಟ್ಟಿದೆ.

ಕಣ್ಣು ಬಿಟ್ಟು ನೋಡಿದರು. ಕೈ ಸಡಿಲಿಸಲಿಲ್ಲ. “ಮೊದ್ಲು ಅಂಚು ಬಿಟ್ಟು ಈಚೆ ಬನ್ನಿ ಮಾಪ್ಳೆ. ಆಮೇಲೆ ಬಿಡ್ತೀನಿ.”

ಅಂದಿನಿಂದ ನಾನು ಕಾಂಗೇಯದಿಂದ ಹೊರಟಾಗಲೆಲ್ಲ ನನ್ನ ಹಾಸಿಗೆ ಸುರುಳಿಯನ್ನು ಮಾವನೇ ಬಿಗಿಯುತ್ತಾರೆ. ಕೊಯಮತ್ತೂರಿನಲ್ಲಿ ಅದನ್ನು ಕತ್ತರಿಯಿಲ್ಲದೆ ಬಿಚ್ಚಿದವರು ಇನ್ನೂ ಯಾರೂ ಇಲ್ಲ.