ಬರದವನಿಗೆ ‘ಬಂದ್ಯಲ್ಲ’ ಎನ್ನಲೊಲ್ಲದ ಕವಲಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿ ಕೆನೆಗಟ್ಟಿದ ಚಹಾ. ಕುರ್ಚಿಯ ಮೇಲೆ ಒಂದು ಕಾಲು ಮಡಿಚಿ ಕೂತ ಹೆಂಗಸು ಪರದೆಯನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಒಂದು ಸಾಲು ಟೈಪ್ ಮಾಡುತ್ತಾರೆ, ಬಾಯಿಬಿಟ್ಟು ಓದುತ್ತಾರೆ, ಅಳಿಸುತ್ತಾರೆ. ಕೊನೆಗೆ ಲೋಟ ಕುಕ್ಕಿ, “ಬರದೇ ಇದ್ದೋನಿಗೆ ‘ಬಂದ್ಯಲ್ಲ’ ಅನ್ಬೇಕಂತೆ! ಯಾವ ಬಾಯಲ್ಲಿ ಅನ್ಲಿ?” ಎಂದು ಗದರುತ್ತಾರೆ.

“ಬೆಳಗಾಗೆದ್ದು ಯಾರಿಗೆ ಬೈತಿದೀಯೆ?” ಒಳಕೋಣೆಯಿಂದ ಅತ್ತೆಯ ದನಿ.

“ನಿಮಗಲ್ಲ ಅತ್ತೆ, ಮಲಕ್ಕೊಳ್ಳಿ.”

“ನನಗಾಗಿದ್ರೆ ಇಷ್ಟು ಗಟ್ಟಿಯಾಗಿ ಬೈತಿರ್ಲಿಲ್ಲ ಬಿಡು.”

ಆಫೀಸಿನಲ್ಲಿ ಇವರು ಎಲ್ಲರಿಗೂ ಕವಲಕ್ಕ. ವಿಷುಯಲ್ ನಾವೆಲ್ ಎಂಬ ಆಟಗಳಿಗೆ ಕಥೆಯ ಕವಲುಗಳನ್ನು ಬರೆಯುವುದು ಇವರ ಕೆಲಸ. ಫೋನಿನಲ್ಲಿ ಚಿತ್ರ ಬರುತ್ತದೆ, ಮಾತು ಬರುತ್ತದೆ, ನಡುವೆ ಕಥೆ ನಿಂತು ‘ಈಗ ನೀವೇನು ಮಾಡುತ್ತೀರಿ?’ ಎಂದು ಎರಡೋ ಮೂರೋ ದಾರಿ ತೋರಿಸುತ್ತದೆ. ಆಟಗಾರ ಒಂದನ್ನು ಒತ್ತಿ ಮುಂದೆ ಹೋಗುತ್ತಾನೆ. ಅವನು ಒತ್ತದೆ ಬಿಟ್ಟ ದಾರಿಗಳನ್ನೂ ಯಾರೋ ಬೆನ್ನು ನೋಯಿಸಿಕೊಂಡು ಬರೆದಿರುತ್ತಾರೆ ಎಂಬುದು ಅವನಿಗೆ ಹೊಳೆಯುವುದೇ ಇಲ್ಲ. ಚಿತ್ರ ಬಿಡಿಸಿದವರ, ಸಂಗೀತ ಕೊಟ್ಟವರ ಹೆಸರುಗಳು ಆಟದ ಕೊನೆಗೆ ಮೆರವಣಿಗೆ ಹೊರಡುತ್ತವೆ. ಕವಲು ಬರೆದವರ ಹೆಸರಿಲ್ಲ. ಕೇಳಿದರೆ ಜಾಗ ಸಾಲಲಿಲ್ಲ ಎನ್ನುತ್ತಾರೆ. ಪರದೆಯಲ್ಲಿ ಜಾಗ ಸಾಲದಂತೆ! ಕಿವಿಗೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ?

ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು ಇವರು. ಅದು ಬಾಗಿಲು ಹಾಕಿದ ಮೇಲೆ ಈ ಆಟದ ಕಂಪನಿಗೆ ಬಂದರು. ಹೊಸದರಲ್ಲಿ ಎರಡು ಕವಲುಗಳ ಗಂಟು ತಪ್ಪಿ ಹಾಕಿ ನಗೆಪಾಟಲಾಗಿದ್ದೂ ಉಂಟು. “ಸತ್ತ ಅಜ್ಜ ಮುಂದಿನ ದೃಶ್ಯದಲ್ಲಿ ಆರಾಮಾಗಿ ಬಂದು ‘ನನ್ನ ಕನ್ನಡಕ ಎಲ್ಲಿ?’ ಅಂತ ಕೇಳ್ಬಿಟ್ಟ. ಎಲ್ರೂ ನಕ್ಕರು, ನಾನೂ ನಕ್ಕೆ. ಅದು ಗೊತ್ತಿಲ್ದೆ ಆಗಿದ್ದು. ಈಗ ಆಫೀಸಿನೋರು ಅಂಥದ್ದನ್ನೇ ಬೇಕಂತ್ಲೇ ಮಾಡಿ ಅಂತಿದಾರೆ.”

ಈಗ ಬರೆಯುತ್ತಿರುವ ಆಟದಲ್ಲಿ ಆಟಗಾರನೇ ತಮ್ಮ. ಅವನನ್ನು ಸಾಕಿ ಬೆಳೆಸಿದ ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡುತ್ತಾಳೆ. ಇಂಥ ಘಟ್ಟ ಬಂದಾಗ ಕವಲಕ್ಕ ಮನೆಯವರನ್ನೆಲ್ಲ ಊಟದ ಹೊತ್ತಿಗೆ ಹಿಡಿದು ‘ನೀವಾಗಿದ್ರೆ ಏನ್ಮಾಡ್ತಿದ್ರಿ?’ ಎಂದು ಕೇಳುವುದು ವಾಡಿಕೆ. ಗಂಡ ‘ಓಡಿ ಹೋಗ್ತಿದ್ದೆ’ ಎಂದರು. ಅತ್ತೆ ತುತ್ತು ನುಂಗಿ, “ಎಲ್ಲರೂ ಓಡಿ ಹೋಗ್ತಾರಾ? ಎಷ್ಟೋ ಜನ ಫೋನೇ ಎತ್ತಲ್ಲ” ಎಂದರು. ಹಾಗೆ ‘ಫೋನ್ ಎತ್ತಬೇಡ’ ಎಂಬ ದಾರಿ ಹುಟ್ಟಿತು.

ಅದನ್ನು ಒತ್ತಿದವನಿಗೆ ಆಟದ ಅಕ್ಕ ಬೈಯುವುದಿಲ್ಲ, ಅಳುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ‘ಊಟ ಆಯ್ತಾ?’ ಎನ್ನುತ್ತಾಳೆ, ಬಡಿಸುತ್ತಾಳೆ. ಆದರೆ ಅಲ್ಲಿಂದ ಮುಂದೆ ‘ಅಕ್ಕನಿಗೆ ನೆರವಾಗು’ ಎಂಬ ಆಯ್ಕೆ ಅವನ ಪರದೆಯ ಮೇಲೆ ಬರುವುದೇ ಇಲ್ಲ. ಅವಳು ಏನನ್ನೂ ಕೇಳುವುದಿಲ್ಲವಲ್ಲ, ಅವನು ಒತ್ತುವುದೇನನ್ನು? “ಅಷ್ಟೇ ಶಿಕ್ಷೆ. ಬೈದ್ರೆ ಮಾರನೇ ದಿನ ಮರೆತೋಗುತ್ತೆ. ಕೇಳೋದು ನಿಂತ್ರೆ ಗೊತ್ತಾಗುತ್ತೆ.”

ಆಡಿ ನೋಡಿದ ಕೆಲವರು ಮನಸ್ಸಿಗೆ ಬೇಜಾರಾಯಿತು ಎಂದು ದೂರಿದರು. ಮುಖ್ಯಸ್ಥರು ಆಜ್ಞೆ ಹೊರಡಿಸಿದರು: ಬಂದವನಿಗೂ ಬರದವನಿಗೂ ಅಕ್ಕ ‘ನೀ ಬಂದ್ಯಲ್ಲ, ಅಷ್ಟೇ ಸಾಕು’ ಎನ್ನಲಿ, ಎಲ್ಲರೂ ಖುಷಿಯಾಗಿ ಆಟ ಮುಗಿಸಲಿ. ಆಯ್ಕೆ ನಿಮ್ಮದೇ ಎಂದು ಜಾಹೀರಾತು ಕೊಟ್ಟು, ಯಾವುದನ್ನು ಒತ್ತಿದರೂ ಒಂದೇ ಮಿಠಾಯಿ ಹಂಚುವುದು! ಮೋಸಕ್ಕೆ ಬೇರೆ ಹೆಸರು ಬೇಕೆ? ಕವಲಕ್ಕನ ಮೈಯೆಲ್ಲ ಉರಿದುಹೋಯಿತು. “ಆ ಸಾಲು ಹಾಕೋದಾದ್ರೆ ನನ್ನ ಹೆಸರು ತೆಗೆದುಬಿಡಿ” ಎಂದರು.

“ನಿಮ್ಮ ಹೆಸರು ಹಾಕೇ ಇಲ್ವಲ್ಲ ಮೇಡಂ” ಎಂದರು ಮುಖ್ಯಸ್ಥರು, ನಗುತ್ತಾ.

ಸಾಲು ಕಳಿಸಲು ಇವತ್ತೇ ಕಡೇ ದಿನ. ಕೆಲಸ ಹೋದರೆ ಮನೆ ನಡೆಯುವುದು ಕಷ್ಟ ಎಂದು ಇವರಿಗೂ ಗೊತ್ತು. ಆದರೂ ಕೈ ಬರುತ್ತಿಲ್ಲ. ಯಾಕಿಷ್ಟು ಹಟ ಎಂದರೆ ಒಲೆಯ ಕಡೆ ತಿರುಗಿ ಹಾಲುಕ್ಕಿದೆಯೇ ಎಂದು ನೋಡುತ್ತಾರೆ. “ಹೋದ ವರ್ಷ ನನಗೆ ಆಪರೇಷನ್ ಆಯ್ತು. ನನ್ನ ತಮ್ಮ ಇಲ್ಲೇ ಹಿಂದಿನ ಬೀದೀಲಿರೋದು. ಫೋನ್ ಮಾಡಿದೆ, ಎತ್ತಲಿಲ್ಲ. ನಾನು ಮನೆಗೆ ಬಂದ್ಮೇಲೆ ಬಂದ. ಬಡಿಸ್ದೆ, ಉಂಡ, ಹೋದ.” ಜಗಳವಾಯಿತೇ? “ಜಗಳ ಯಾಕೆ? ನನ್ನ ತಮ್ಮ ಅಲ್ವಾ ಅವನು.”

ಬೆಳಕು ಕಿಟಕಿಗೆ ಬರುವ ಹೊತ್ತಿಗೆ ಇವರು ಬರೆದಿದ್ದನ್ನೆಲ್ಲ ಅಳಿಸಿ, ಹಳೆಯ ಕವಲನ್ನೇ ಕಳಿಸುತ್ತಾರೆ. ಜೊತೆಗೊಂದು ಮಾತು: ‘ಸುಳ್ಳು ಬೇಕಾದರೆ ಬೇರೆಯವರ ಕೈಲಿ ಬರೆಸಿ.’

ಮಧ್ಯಾಹ್ನ ಕವಲುಗಳನ್ನು ಆಟಕ್ಕೆ ಜೋಡಿಸುವ ಸಹೋದ್ಯೋಗಿಯ ಫೋನ್. “ಅಕ್ಕಾ, ಆ ಸಾಲು ನಾನೂ ಜೋಡಿಸಲ್ಲ ಅಂದ್ಬಿಟ್ಟೆ. ಬಿಡುಗಡೆ ತಡ ಆಗುತ್ತೆ ಅಂತ ಮುಖ್ಯಸ್ಥರು ನಿಮ್ಮ ಹಳೇ ಕವಲಿಗೇ ಒಪ್ಪಿದ್ರು. ಆದ್ರೆ ಯಾರಾದ್ರೂ ಬೈದ್ರೆ ನಿಮ್ಮ ತಲೆಗೇ ಕಟ್ತಾರಂತೆ.”

“ಕಟ್ಲಿ. ಹೆಸರಿಗೆ ಜಾಗ ಇರ್ಲಿಲ್ಲ, ಬೈಗುಳಕ್ಕಾದ್ರೂ ಸಿಕ್ತಲ್ಲ!” ನಗುತ್ತಾರೆ, ಆದರೆ ಸಿಟ್ಟು ಇಳಿದಿಲ್ಲ. “ನನ್ನ ಹೆಸರು ಬೇಡ. ಬರದೇ ಇದ್ದೋನು ಬರಲಿಲ್ಲ ಅನ್ನೋದೊಂದು ಉಳೀಲಿ. ಅದನ್ನೂ ಅಳಿಸಿದ್ರೆ ಬಂದೋನಿಗೆ ಏನು ಬೆಲೆ?”

ಸಂಜೆ ತಮ್ಮ ಬರುತ್ತಾನೆ. ಬಿಡುಗಡೆಗೆ ಮುಂಚೆ ಆಡಿ ನೋಡಲು ಕೊಡುವ ಅಕ್ಕನ ಆಟದ ಪ್ರತಿ ಅವನ ಫೋನಿನಲ್ಲೂ ಇದೆ. ಸೋಫಾದ ಮೇಲೆ ಕಾಲು ಚಾಚಿ ಆಡುತ್ತಾ ಗೊಣಗುತ್ತಾನೆ: “ನಿನ್ನ ಆಟ ಕೆಟ್ಟೋಗಿದೆ ಕಣೇ. ಈ ಅಕ್ಕ ನನ್ನ ಏನೂ ಕೇಳೋದೇ ಇಲ್ಲ.”

ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಸೊಸೆಯ ಮುಖ ನೋಡುತ್ತಾರೆ. ತಮ್ಮನ ಬೆರಳು ಪರದೆಯ ಮೇಲೆ ಇನ್ನೂ ಎರಡು ಸಲ ಆಡುತ್ತದೆ, ನಿಲ್ಲುತ್ತದೆ. ಅವನು ನಿಧಾನಕ್ಕೆ ತಲೆ ಎತ್ತುತ್ತಾನೆ.

“ಅಕ್ಕಾ... ನೀನೂ ನನ್ನ ಏನೂ ಕೇಳಿಲ್ಲ ಅಲ್ವಾ, ಹೋದ ವರ್ಷದಿಂದ?”

ಕವಲಕ್ಕ ಒಲೆ ಆರಿಸುತ್ತಾರೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

“ಊಟ ಆಯ್ತಾ?” ಎನ್ನುತ್ತಾರೆ.