ರಾಳ ಕಾಣದ ಕಮಾನು

ಆಗ ಸಂಜೆಯ ಗಂಟೆ ಬಾರಿಸಿದರೆ ಎಲ್ಲ ಮಕ್ಕಳಿಗೂ ಶಾಲೆ ಬಿಡುತ್ತಿತ್ತು, ನಮ್ಮ ಹನ್ನೆರಡು ಜನರಿಗೆ ಮಾತ್ರ ಬಿಡುತ್ತಿರಲಿಲ್ಲ. ವಿಜಯಪುರದ ನಮ್ಮ ಹೈಸ್ಕೂಲಿಗೆ ಯಾರೋ ಪುಣ್ಯಾತ್ಮರು ಹನ್ನೆರಡು ವಾಯೊಲಿನ್ ದಾನ ಕೊಟ್ಟಿದ್ದರು. ಅವು ಸುಮ್ಮನೆ ಬಿದ್ದಿರಬಾರದೆಂದು ಒಂದು ವಾದ್ಯವೃಂದ ಹುಟ್ಟಿತ್ತು. ಎಂಟನೇ ತರಗತಿಯಲ್ಲಿ ಉಮೇದಿನಿಂದ ಕೈ ಎತ್ತಿದ ತಪ್ಪಿಗೆ ನಾನೂ ಅದರಲ್ಲಿ ಸಿಕ್ಕಿಬಿದ್ದಿದ್ದೆ.

ಕಿಟಕಿಯಾಚೆ ಹುಡುಗಿಯರು ಖೋಖೋ ಆಡುತ್ತ ಧೂಳೆಬ್ಬಿಸುತ್ತಿದ್ದರು. ಒಳಗೆ ನಮಗೆ ಸಂಗೀತದ ಸರ್ ಮೊಬೈಲಿನಲ್ಲಿ ಶ್ರುತಿ ಹಚ್ಚಿಡುತ್ತಿದ್ದರು. ಕೋಣೆಯ ತುಂಬ ಕಮಾನಿಗೆ ತಿಕ್ಕುವ ರಾಳದ ವಾಸನೆ, ಅದರ ಜೊತೆಗೆ ನಮ್ಮ ಊಟದ ಡಬ್ಬಿಗಳಲ್ಲಿ ಉಳಿದ ಶೇಂಗಾ ಹಿಂಡಿಯ ವಾಸನೆ. ಸರ್‌ಗೆ ಸ್ವರದಷ್ಟೇ ಸಾಲಿನ ಚಿಂತೆ. ಹನ್ನೆರಡೂ ಕಮಾನು ಒಟ್ಟಿಗೆ ಮೇಲೇರಬೇಕು, ಒಟ್ಟಿಗೆ ಕೆಳಗಿಳಿಯಬೇಕು. ನನ್ನ ಬಲಗೈ ಅದರಲ್ಲಿ ಪಕ್ಕಾ. ಎಡಗೈ ಬೆರಳುಗಳು ಮಾತ್ರ ಎಲ್ಲಿ ಕೂರಬೇಕೋ ಆ ಜಾಗವೊಂದನ್ನು ಬಿಟ್ಟು ಬೇರೆ ಎಲ್ಲ ಕಡೆ ಕೂರುತ್ತಿದ್ದವು. ಹತ್ತಿರವೇ ನಿಲ್ಲುತ್ತಿದ್ದ ಗೆಳತಿ ರಜಿಯಾ ಪಾಪ, ಹಲ್ಲು ಕಚ್ಚಿ ಸಹಿಸುತ್ತಿದ್ದಳು.

ಒಂಬತ್ತನೇ ತರಗತಿಯಲ್ಲಿ, ಗ್ಯಾದರಿಂಗ್‌ಗೆ, ಎಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಎರಡು ವಾರವಿದ್ದಾಗ ಸರ್ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು, ಕಪಾಟಿನಿಂದ ಹೊಚ್ಚ ಹೊಸ ಕಮಾನು ತೆಗೆದುಕೊಟ್ಟರು. ಅದರ ಕೂದಲು ಇನ್ನೂ ರಾಳ ಕಂಡಿರಲಿಲ್ಲ. ರಾಳ ತಿಕ್ಕದ ಕಮಾನನ್ನು ಎಷ್ಟು ಎಳೆದರೂ ತಂತಿಯಿಂದ ಧ್ವನಿ ಹೊರಡುವುದಿಲ್ಲ.

"ಇದಕ್ಕ ರಾಳ ಹಚ್ಚಬ್ಯಾಡ. ಎಲ್ಲಾರ ಜೋಡಿ ಎಳಿ, ಸಾಕು. ಯಾರಿಗೂ ಗೊತ್ತಾಗೂದಿಲ್ಲ" ಎಂದರು.

ನನ್ನನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಒಂದು ಕಡೆ ಆರು, ಇನ್ನೊಂದು ಕಡೆ ಐದು ನಿಂತರೆ ಚೆಂದ ಕಾಣುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಗುಟ್ಟು ತಿಳಿಯದ ಗೆಳತಿಯರಿಗೆ ಹೊಟ್ಟೆಕಿಚ್ಚು: ಇವಳೊಬ್ಬಳಿಗೇ ಹೊಸದೇಕೆ?

ಹೊಸ ಕಮಾನಿನ ಸುದ್ದಿ ಕೇಳಿ ತಿಕೋಟಾದ ನಮ್ಮ ಮನೆಯಲ್ಲಂತೂ ಹಬ್ಬ. ಮುತ್ಯಾ, ಎಂದರೆ ನನ್ನ ಅಜ್ಜ, ಒಂದು ಕಾಲದಲ್ಲಿ ಭಜನೆಯ ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿದವರು. ಛಲೋ ಬಾರಿಸುವವರಿಗೇ ಹೊಸ ಕಮಾನು ಸಿಗುತ್ತದೆಂದು ಅವರೇ ಅರ್ಥ ಮಾಡಿಕೊಂಡು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿ ಬಂದಿದ್ದರು. ಬಿಟ್ಟುಬಿಡುತ್ತೇನೆ ಎಂದು ಅವ್ವನ ಮುಂದೆ ಬಾಯಿಬಿಟ್ಟೆ. "ನಿಮ್ಮ ಮುತ್ಯಾ ಊರ ತುಂಬ ಹೇಳ್ಯಾರ. ಈಗ ಬಿಡ್ತೇನಿ ಅಂದ್ರ ಹೆಂಗ?" ಎಂದಳು. ಅತ್ತ ದರಿ, ಇತ್ತ ಪುಲಿ.

ಗ್ಯಾದರಿಂಗ್ ದಿನ ಮುತ್ಯಾ ಇಸ್ತ್ರಿಯ ಧೋತರ ಉಟ್ಟು, ರುಮಾಲು ಸುತ್ತಿ ಎರಡನೇ ಸಾಲಿನಲ್ಲಿ ಕೂತಿದ್ದರು. ನಾನು ಎಳೆದೆ. ಹನ್ನೊಂದು ವಾಯೊಲಿನ್ ಹಾಡಿದವು, ನನ್ನದು ಬಾಯಿ ಹೊಲಿದುಕೊಂಡಿತ್ತು. ಮುತ್ಯಾ ಮೊದಲು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಡುವೆ ತಾಳ ನಿಲ್ಲಿಸಿ, ಕಣ್ಣು ತೆರೆದು ನನ್ನ ಕೈಯನ್ನೇ ನೋಡತೊಡಗಿದರು. ಕೊನೆಯವರೆಗೂ ನೋಡಿದರು. ವೇದಿಕೆ ಬಾಯ್ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

ಚಪ್ಪಾಳೆಗೇನೂ ಕಡಿಮೆಯಿರಲಿಲ್ಲ. ಅಥಣಿ ರಸ್ತೆಯ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು. ಊರು ದಾಟಿದ ಮೇಲೆ ಮುತ್ಯಾ ಮೆಲ್ಲಗೆ ಕೇಳಿದರು: "ಯವ್ವಾ, ಅದರಾಗ ನಿಂದು ಯಾವ ಧ್ವನಿ?"

"ಎಲ್ಲಾರದೂ ಕೂಡೇ ಬರ್ತದ, ಮುತ್ಯಾ" ಎಂದೆ.

ಅವರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ತಪ್ಪು ಬಾರಿಸಿದ್ರೂ ನಡೀತಿತ್ತು. ನಾ ನಿನ್ನ ಕೇಳಾಕ ಬಂದಿದ್ನಿ" ಎಂದರು.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ನಿಜ ಹೇಳಿದ್ದರೆ ಆ ಕ್ಷಣವೇ ಬಿಡುಗಡೆಯಾಗುತ್ತಿತ್ತು. ಆದರೆ ಚಹಾದಂಗಡಿಯಲ್ಲಿ ಅವರ ಮಾನ ಹೋಗುತ್ತದೆಂದು ಹೆದರಿದೆ. ನನ್ನ ಮಾನದ ಭಯವೂ ಇತ್ತು, ಸುಳ್ಳೇಕೆ ಹೇಳಲಿ.

ಮರುವಾರ ಅಭ್ಯಾಸಕ್ಕೆ ಹೋದವಳೇ ರಜಿಯಾಳ ರಾಳ ಕೇಳಿ ಪಡೆದು, ಸಿಟ್ಟಿನಿಂದ ಕಮಾನಿಗೆ ತಿಕ್ಕಿದೆ. ಸಾಲಿನಲ್ಲಿ ನಿಂತು ಎಳೆದೆ. ಎಣ್ಣೆ ಕಾಣದ ಎತ್ತಿನಗಾಡಿಯಂಥ ಧ್ವನಿ ಬಂತು. ಸರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ವಾದ್ಯ ಕಪಾಟಿಗೆ ಹೋಯಿತು, ನನ್ನ ಜಾಗಕ್ಕೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದಳು. ಎರಡು ವರ್ಷ ಬಯಸಿದ ಬಿಡುಗಡೆ ಹೀಗೆ ಸಿಕ್ಕಿತು. ಖೋಖೋ ಮೈದಾನಕ್ಕೆ ಓಡಿದೆ, ಆಡಲು ಮನಸ್ಸಾಗಲಿಲ್ಲ.

ಮುತ್ಯಾ ಮತ್ತೆಂದೂ ವಾಯೊಲಿನ್ ಮಾತೆತ್ತಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡರು.

ಈಗ ನಾನು ಮಾತಿನಲ್ಲಿ, ಕೆಲಸದಲ್ಲಿ ಅಷ್ಟಾಗಿ ತಪ್ಪುವುದಿಲ್ಲ. ಹತ್ತು ಜನರ ನಡುವೆ ನಿಂತು ಚೆನ್ನಾಗಿ ಮಾತಾಡಿದೆಯೆಂದು ಹೊಗಳಿಸಿಕೊಳ್ಳುತ್ತೇನೆ. ಸರಿಯಾಗಿದ್ದರೆ ಯಾರು ಬೇಕಾದರೂ ಕೇಳುತ್ತಾರೆ. ತಪ್ಪಾದರೂ ಸರಿ, ನನ್ನದನ್ನೇ ಕೇಳಬೇಕೆಂದು ಬಸ್ಸು ಹತ್ತಿ ಬಂದವರು ಅವರೊಬ್ಬರೇ. ಅವರನ್ನು ನಾನು ಏನೂ ಕೇಳಿಸದೆ ಊರಿಗೆ ವಾಪಸು ಕರೆತಂದೆ.