ಚಿಲಕದ ಹಿಂದಿನ ತಗಡು

ಆ ಊರಿನಲ್ಲಿ ಲೋಹದ ಚೂರನ್ನು ಯಾರೂ ಎಸೆಯುವುದಿಲ್ಲ. ಯುದ್ಧದ ಕಾಲದಲ್ಲಿ ಸೈನ್ಯದ ವಿಮಾನವೊಂದು ಹಿಂದಿನ ಗುಡ್ಡಕ್ಕೆ ಬಡಿದು ಬಿದ್ದ ಮೇಲೆ ಈ ಅಭ್ಯಾಸ ಇನ್ನೂ ಗಟ್ಟಿಯಾಯಿತು. ರೆಕ್ಕೆಯ ತಗಡು ಕೋಳಿಗೂಡಿನ ಸೂರಾಯಿತು. ಹೊಟ್ಟೆಯ ತಗಡು ಬಕೆಟ್ಟಾಯಿತು, ಲಾಂದ್ರವಾಯಿತು. ಬೀದಿಯ ಕೊನೆಯಲ್ಲಿ ತಗಡಿನ ಅಂಗಡಿ ಇಟ್ಟಿದ್ದ ಮುದುಕಿಯನ್ನು ಊರೆಲ್ಲ ತಗಡಮ್ಮ ಎನ್ನುತ್ತಿತ್ತು. ಯಾವ ಮನೆಯ ಯಾವ ಪಾತ್ರೆ ವಿಮಾನದ ಯಾವ ಭಾಗದ್ದೆಂದು ಮೊಳೆ ತೂತುಗಳ ಸಾಲು ನೋಡಿಯೇ ಅವಳು ಹೇಳಿಬಿಡುತ್ತಿದ್ದಳು.

ಅವಳಿಗೆ ಅಕ್ಷರ ಅಷ್ಟಕ್ಕಷ್ಟೆ. ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು, ಅಳತೆಯ ಕೆಲಸ ನೋಡಿ. ಅದರಲ್ಲೂ ಒಂದು ಸಂಖ್ಯೆ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಏಳು, ಒಂದು, ಒಂಬತ್ತು, ಸೊನ್ನೆ, ನಾಲ್ಕು, ನಾಲ್ಕು.

ವಿಮಾನ ಬಿದ್ದ ದಿನ ಮೊದಲು ಗುಡ್ಡ ಹತ್ತಿದವರು ಇಬ್ಬರು. ಒಬ್ಬ ಅವಳ ಗಂಡ, ತಗಡಿನ ಕೆಲಸದವನು. ಇನ್ನೊಬ್ಬ ಕಾಡಿನ ಗಾರ್ಡು. ಐದು ಜನ ಸತ್ತು ಬಿದ್ದಿದ್ದರು. ಗಂಡ ಪ್ಯಾರಾಚೂಟಿನ ಬಟ್ಟೆ ಹರಿದು ಒಬ್ಬೊಬ್ಬರಿಗೇ ಹೊದಿಸುತ್ತ ಹೋದ. ಗಾರ್ಡು ಒಬ್ಬೊಬ್ಬರ ಜೇಬಿಗೇ ಕೈಹಾಕುತ್ತ ಹೋದ. ಸೈನ್ಯದವರು ಬಂದು ಪಟ್ಟಿ ಹಿಡಿದು ನೋಡಿದಾಗ ಐದನೆಯವನ ಕೈಗಡಿಯಾರ ಇರಲಿಲ್ಲ, ಕೊರಳಿನ ಬೆಳ್ಳಿ ಸರವೂ ಅದರಲ್ಲಿದ್ದ ಗುರುತಿನ ಬಿಲ್ಲೆಯೂ ಇರಲಿಲ್ಲ. ಗಾರ್ಡು ಕೋರ್ಟಿನಲ್ಲಿ ಬಲಗೈ ಎತ್ತಿ ಆಣೆಯಿಟ್ಟು, "ಕದ್ದವನು ಇವನೇ" ಎಂದ. ಕಳೆದ ಬಿಲ್ಲೆಯ ಸಂಖ್ಯೆಯನ್ನು ನ್ಯಾಯಾಧೀಶರು ಸೈನ್ಯದ ಪಟ್ಟಿ ನೋಡಿ ಒಂದೇ ಸಲ ಓದಿದರು. ಕೋರ್ಟಿನಲ್ಲಿ ಕೂತಿದ್ದ ಅವಳಿಗೆ ನೆನಪಿಡಲು ಅಷ್ಟು ಸಾಕಾಯಿತು. ಗಂಡನಿಗೆ ಎರಡು ವರ್ಷ ಶಿಕ್ಷೆಯಾಯಿತು. ಮೊದಲ ಚಳಿಗಾಲದಲ್ಲೇ ಗಂಡ ಜೈಲಿನಲ್ಲಿ ಕೆಮ್ಮಿ ಕೆಮ್ಮಿ ಸತ್ತ.

ಸುತ್ತಿಗೆ ಅವಳ ಕೈಗೆ ಬಂತು. ಮೂವತ್ತೊಂದು ವರ್ಷ ಅವಳು ಊರಿನ ಸೋರುವುದನ್ನೆಲ್ಲ ಮುಚ್ಚಿದಳು, ಗಾರ್ಡಿನ ಮನೆಯದನ್ನು ಬಿಟ್ಟು. ಗಾರ್ಡು ದೊಡ್ಡ ಮನುಷ್ಯನಾದ. ವಿಮಾನ ಬಿದ್ದ ಜಾಗ ನೋಡಲು ಬಂದವರಿಗೆಲ್ಲ, "ಐವರಿಗೂ ಬಟ್ಟೆ ಹೊದಿಸಿದ್ದು ಈ ಕೈ" ಎನ್ನುತ್ತಿದ್ದ. ಅದು ಕಿವಿಗೆ ಬಿದ್ದ ದಿನ ತಗಡಮ್ಮನ ಸುತ್ತಿಗೆ ಸ್ವಲ್ಪ ಜೋರಾಗಿ ಬೀಳುತ್ತಿತ್ತು, ಅಷ್ಟೆ. ಅವಳಿಗೆ ಬೇಕಾದದ್ದು ಒಂದೇ. ತನ್ನ ಗಂಡನನ್ನು ಕಳ್ಳ ಎಂದ ಬಾಯಿಯೇ, ಅವನಲ್ಲ ಎಂದು ಊರಿನ ಮುಂದೆ ಹೇಳಬೇಕು.

ಒಂದು ಬೆಳಿಗ್ಗೆ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಹಳೇ ಟ್ರಂಕೊಂದನ್ನು ಸೊಂಟದ ಮೇಲೆ ಹೊತ್ತು ಬಂದಳು.

"ಅಜ್ಜಿ, ಇದರ ಚಿಲಕ ಕಿತ್ತುಬಂದಿದೆ. ಸಂಜೆಯೊಳಗೆ ಆಗತ್ತಾ?"

"ಯಾರ ಮನೆಯವಳಮ್ಮ ನೀನು?"

"ಗಾರ್ಡ್ ಮನೆ ಕಿರಿಸೊಸೆ. ಮಾವನಿಗೆ ಮಾತ್ರ ಹೇಳಬೇಡಿ. ಅವರ ಟ್ರಂಕಿದು, ಮುಟ್ಟಿದರೆ ಮೈಮೇಲೆ ಬರ್ತಾರೆ. ಕೂಸಿನ ಬಟ್ಟೆ ಇಡೋಣ ಅಂತ ಎಳೆದೆ, ಕೈಗೇ ಬಂತು."

"ನಿಮ್ಮನೆ ಸಾಮಾನು ಈ ಕಡೆ ತಲೆ ಹಾಕಿ ಮೂವತ್ತೊಂದು ವರ್ಷ ಆಯ್ತು ಕಣೇ."

"ಯಾಕಜ್ಜಿ, ಜಗಳವಾ?"

"ನಿಂಗೆ ಯಾರೂ ಹೇಳಿಲ್ವಾ? ಸರಿ, ಇಡು ಕೆಳಗೆ."

ಮುಚ್ಚಳದ ಒಳಗೆ, ಚಿಲಕ ಅಲುಗದಂತೆ ಅದರ ಹಿಂದೆ ಒತ್ತಾಗಿ, ಒಂದು ಸಣ್ಣ ಬಿಲ್ಲೆ ಕೂರಿಸಿ ಬಣ್ಣ ಬಳಿದಿದ್ದರು. ಕೆಲಸ ಒರಟು, ಕಲಿತವರ ಕೈಯದಲ್ಲ. ತಗಡಮ್ಮ ಚಾಣ ಕೊಟ್ಟು ಎಬ್ಬಿಸಿದಳು. ಒಳಗಾಗಿದ್ದ ಮಗ್ಗುಲಿಗೆ ಬಣ್ಣ ತಾಗಿರಲಿಲ್ಲ. ಅಲ್ಲಿ ಆರು ಅಂಕಿಗಳಿದ್ದವು.

ತಗಡಮ್ಮನ ಎದೆಯಲ್ಲಿದ್ದ ಅದೇ ಆರು. ಕೊನೆಯಿಂದ ಮೊದಲಿಗೆ ಇನ್ನೊಂದು ಸಲ ಓದಿದಳು. ಗಾರ್ಡು ಸರವನ್ನೂ ಗಡಿಯಾರವನ್ನೂ ಮಾರಿಕೊಂಡಿದ್ದಾನೆ. ಬಿಲ್ಲೆಯನ್ನು ಕೊಳ್ಳುವವರಿಲ್ಲ. ಹೊಳೆಗೆ ಎಸೆದಿದ್ದರೆ ಮುಗಿಯುತ್ತಿತ್ತು. ಆದರೆ ಅವನೂ ಈ ಊರಿನವನೇ ತಾನೇ, ಒಳ್ಳೇ ಉಕ್ಕು ಎಸೆಯಲು ಕೈ ಬಂದಿಲ್ಲ.

"ಈ ಒತ್ತು ಕೂರಿಸಿದ್ದು ಯಾರಮ್ಮ?"

"ಮಾವನೇ. ಬೇರೆಯವರ ಕೈಗೆ ಕೊಟ್ಟೇ ಇಲ್ವಂತೆ, ಅದೊಂದು ಜಂಬ ಅವರಿಗೆ."

ತಗಡಮ್ಮ ಹೊಸ ಒತ್ತು ಕೊಟ್ಟು, ಚಿಲಕ ಭದ್ರ ಮಾಡಿ, ಟ್ರಂಕನ್ನು ಹೇಳಿದ ಹೊತ್ತಿಗೆ ಕೊಟ್ಟು ಕಳಿಸಿದಳು. ಪೊಲೀಸರ ಹತ್ತಿರ ಹೋಗಬಹುದಿತ್ತು. ಅಲ್ಲಿ ಒಂದು ಕೋಣೆ, ಎರಡು ಕುರ್ಚಿ, ಮುಚ್ಚಿದ ಬಾಗಿಲು. ಅದು ಅವಳಿಗೆ ಸಾಲದು. ಗುಡ್ಡದ ಮೇಲೆ ಐವರ ಹೆಸರಿನ ಕಲ್ಲು ನಿಲ್ಲಿಸಲು ಹತ್ತೊಂಬತ್ತು ದಿನ ಬಾಕಿಯಿತ್ತು. ತೆರೆ ಸರಿಸುವವನು ಗಾರ್ಡು. ಅವಳು ಹತ್ತೊಂಬತ್ತು ದಿನ ಕಾದಳು.

ಆ ದಿನ ಗಾರ್ಡನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಹತ್ತಿಸಿದರು. ತಗಡಮ್ಮ ನಡೆದೇ ಹತ್ತಿದಳು. ಮೇಲೆ ಇಂಜಿನ್ನು ಅರ್ಧ ಮಣ್ಣಿನಲ್ಲಿ ಹೂತು ತುಕ್ಕು ಹಿಡಿದಿತ್ತು. ಐದನೆಯವನ ಅಕ್ಕ, ಬಿಳಿ ಕೂದಲಿನ ಹೆಂಗಸು, ದೂರದಿಂದ ಬಂದು ಅದರ ಪಕ್ಕ ನಿಂತಿದ್ದಳು. ಗಾರ್ಡು ಎಂದಿನಂತೆ ಶುರುಮಾಡಿದ. "ನಿಮ್ಮ ತಮ್ಮನಿಗೆ ಬಟ್ಟೆ ಹೊದಿಸಿದ್ದು ಈ ಕೈ, ತಾಯಿ."

"ಅವನ ಬಿಲ್ಲೆ ಸಿಗಲೇ ಇಲ್ಲ. ಅದೊಂದು ಸಿಕ್ಕಿದ್ದರೆ..." ಎಂದಳು ಆಕೆ. "ನಂಬರು ಇವತ್ತಿಗೂ ಬಾಯಿಗೆ ಬರತ್ತೆ. ಏಳು, ಒಂದು, ಒಂಬತ್ತು..."

"ಸೊನ್ನೆ, ನಾಲ್ಕು, ನಾಲ್ಕು" ಎಂದು ಮುಗಿಸಿ, ತಗಡಮ್ಮ ಬಿಲ್ಲೆಯನ್ನು ಆಕೆಯ ಅಂಗೈಗೆ ಇಟ್ಟಳು.

ಗಾರ್ಡಿನ ಮುಖ ಸುಣ್ಣದ ಗೋಡೆಯಾಯಿತು. ಆದರೂ ನಾಲಿಗೆ ಸೋಲಲಿಲ್ಲ. "ನೋಡಿದ್ರಾ? ಅವಳ ಗಂಡ ಬಚ್ಚಿಟ್ಟದ್ದು ಈಗ ಹೊರಗೆ ಬಂತು!"

"ಬಚ್ಚಿಟ್ಟ, ನಿಮ್ಮ ಟ್ರಂಕಿನ ಚಿಲಕದ ಹಿಂದೆ. ಅಲ್ವಾ ಗಾರ್ಡಣ್ಣ? ನಿಮ್ಮ ಸೊಸೆ ಇಲ್ಲೇ ಇದ್ದಾಳೆ, ಕೇಳಿ."

ಎಲ್ಲರೂ ಅವಳತ್ತ ತಿರುಗಿದರು. ಸೊಸೆ ಮಾವನನ್ನು ನೋಡಿದಳು, ಬಿಲ್ಲೆಯನ್ನು ಎದೆಗೆ ಒತ್ತಿ ಹಿಡಿದಿದ್ದ ಬಿಳಿ ಕೂದಲಿನ ಅಕ್ಕನನ್ನು ನೋಡಿದಳು. "ನಾನೇ ಕೊಟ್ಟಿದ್ದೆ, ರಿಪೇರಿಗೆ" ಎಂದಳು. "ಅದನ್ನ ಕೂರಿಸಿದ್ದು ನೀವೇ ಅಂತ ನೀವೇ ಹೇಳಿದ್ರಲ್ಲ ಮಾವ."

ಗಾರ್ಡು ತಲೆ ತಗ್ಗಿಸಿದ. "ತಗೊಂಡದ್ದು ನಾನು. ಅವನಲ್ಲ."

ಕುರ್ಚಿ ಹೊತ್ತಿದ್ದ ನಾಲ್ವರಲ್ಲಿ ಒಬ್ಬ ಹೆಗಲ ಮೇಲಿನ ಟವೆಲ್ಲು ಕೊಡವಿದ. "ಇಳಿಯೋದು ಸುಲಭ. ನಡೆದೇ ಬರಲಿ."

ಎಪ್ಪತ್ತು ದಾಟಿದವನು ನಡೆದ. ತಗಡಮ್ಮ ಹತ್ತು ಹೆಜ್ಜೆ ಹಿಂದೆ. ಅವನು ಕೂತಾಗ ಅವಳೂ ಕೂತಳು, ಎದ್ದಾಗ ಎದ್ದಳು. ಒಂದು ಕಡಿದಾದ ಜಾಗದಲ್ಲಿ ಅವನು, "ಸ್ವಲ್ಪ ಕೈ ಕೊಡಮ್ಮ" ಎಂದ.

"ಕೋರ್ಟಿನಲ್ಲಿ ಎತ್ತಿದ ಕೈ ಇದೆಯಲ್ಲ, ಅದನ್ನೇ ಊರಿಕೊಳ್ಳಿ."

ಊರು ಮುಟ್ಟಿದಾಗ ಸಂತೆಬೀದಿಯಲ್ಲಿ ಜನ ಕಿಕ್ಕಿರಿದಿದ್ದರು. ಸುದ್ದಿ ಅವರಿಗಿಂತ ಮೊದಲೇ ಇಳಿದಿತ್ತು. ತಗಡಮ್ಮ ಬೀದಿಯ ನಟ್ಟನಡುವೆ ನಿಂತಳು.

"ಇಲ್ಲಿ ಹೇಳಿ, ಗಾರ್ಡಣ್ಣ."

"ಮೇಲೆ ಹೇಳಿದೆನಲ್ಲ."

"ಮೇಲೆ ಇದ್ದದ್ದು ಇಪ್ಪತ್ತು ಜನ. ನನ್ನ ಗಂಡನನ್ನ ಕಳ್ಳ ಅಂದದ್ದು ಇಡೀ ಊರು."

ಅವನು ಹೇಳಿದ. ಮುಂದಿನ ಸಾಲಿಗಷ್ಟೇ ಕೇಳಿಸಿತು.

"ಹಿಂದೆ ಇರೋರಿಗೆ ಕೇಳಿಸಲಿಲ್ಲ" ಎಂದಳು ತಗಡಮ್ಮ. "ಇನ್ನೊಂದು ಸಲ."